ಮೂರು ದಿನ ನೆನೆಯದ ಹುರುಪೆ

ರೋಹು ಮೀನಿನ ಮೈಮೇಲಿನ ಹುರುಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಯಿಂದ ಧಾರವಾಡದವರೆಗೆ ತುಂಬಿದ ಬಸ್ಸಿನಲ್ಲಿ ಹೋದವನಿಗೆ ಮಾತ್ರ ಗೊತ್ತು, ಆ ಇಪ್ಪತ್ತು ಕಿಲೋಮೀಟರ್ ಎಷ್ಟು ಉದ್ದವೆಂದು. ನಾನು ಮೂರು ಚೀಲ ಬಳಸುತ್ತಿದ್ದೆ, ಒಂದರೊಳಗೆ ಒಂದು. ನವನಗರ ದಾಟುವಷ್ಟರಲ್ಲಿ ವಾಸನೆ ಮೂರನ್ನೂ ದಾಟಿ ಹೊರಗೆ ಬಂದಿರುತ್ತಿತ್ತು. ಒಮ್ಮೆ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಮೂಗಿಗೆ ಟವೆಲ್ ಹಿಡಿದು ಕೇಳಿದರು: "ಏನರ ಸತ್ತೈತೇನ್ರಿ ನಿಮ್ಮ ಚೀಲದಾಗ?"

"ಔಷಧದ ಸಾಮಾನ್ರಿ," ಎಂದೆ.

"ಇಂಥಾ ಔಷಧ ತಗೊಳ್ಳೂದಕ್ಕಿಂತ ಜಡ್ಡ ಛಲೋ ಬಿಡ್ರಿ," ಎಂದು ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು. ನಾನು ಅವರ ಖಾಲಿ ಸೀಟಿನ ಮೇಲೆ ಚೀಲ ಇಟ್ಟೆ.

ಇದು ನಡೆದದ್ದು ನಿಜ ಎಂದು ನಂಬಿದ್ದೇನೆ. ಆ ಕಾಲದ ಉಳಿದ ನೆನಪುಗಳ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ.

ಹನ್ನೆರಡು ವರ್ಷದ ಹಿಂದೆ ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ವಾರದ ದಿನಗಳಲ್ಲಿ ಮಾಳಮಡ್ಡಿಯ ಬಾಡಿಗೆ ಕೋಣೆ. ನಮ್ಮದು ಲಿಂಗ ಕಟ್ಟಿದ ಮನೆ. ತತ್ತಿ ಎಂಬ ಶಬ್ದವನ್ನು ಕೂಡ ಊಟದ ಹೊತ್ತಿಗೆ ಆಡುವಂತಿರಲಿಲ್ಲ. ನಾನು ಪೂಜೆ ಬಿಟ್ಟಿದ್ದೆ, ದೇವರನ್ನೂ ಬಿಟ್ಟಿದ್ದೆ. ಪಂಚಾಂಗ ನೋಡಿ ಹೆಜ್ಜೆ ಇಡುವವರನ್ನು ಕಂಡರೆ ನಗುತ್ತಿದ್ದೆ. ಮೀನು ಕಂಡರೆ ಮಾತ್ರ ಹೊಟ್ಟೆ ತೊಳಸುತ್ತಿತ್ತು. ಅದು ರೂಢಿ, ನಂಬಿಕೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನನ್ನ ವಿಷಯ ಮೂಳೆ. ಮೂಳೆ ಎಂದರೆ ಬರೀ ಸುಣ್ಣವಲ್ಲ. ಒಳಗೆ ಕೊಲಾಜನ್ ಎಂಬ ನಾರಿನ ನೇಯ್ಗೆ ಇರುತ್ತದೆ. ಮೂಳೆ ಕಟ್ಟುವ ಕೋಶಗಳು ಮೊದಲು ಆ ನೇಯ್ಗೆ ಹಾಕುತ್ತವೆ, ಆಮೇಲೆ ಅದರ ಮೇಲೆ ಸುಣ್ಣದ ಹರಳು ಕೂಡಿಸುತ್ತವೆ. ಅಪಘಾತದಲ್ಲಿ ಮೂಳೆಯ ಒಂದು ತುಂಡೇ ಹೋಗಿಬಿಟ್ಟರೆ ಆ ಜಾಗದಲ್ಲಿ ಕೋಶಗಳಿಗೆ ಕೂರಲು ನೆಲವಿರುವುದಿಲ್ಲ. ಆ ನೆಲವನ್ನು ನಾವೇ ಹೊರಗಿನಿಂದ ಹಾಸಿಕೊಟ್ಟರೆ? ರೇಷ್ಮೆಯ ನೂಲು, ತತ್ತಿಯ ಸಿಪ್ಪೆ, ಏಡಿಯ ಚಿಪ್ಪು, ಎಲ್ಲವನ್ನೂ ಇದಕ್ಕಾಗಿ ಜನ ಪರೀಕ್ಷಿಸಿ ನೋಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಮೀನಿನ ಹುರುಪೆ. ಅದರಲ್ಲೂ ಕೊಲಾಜನ್ ಇದೆ, ಪದರದ ಮೇಲೆ ಪದರ ಅಡ್ಡಡ್ಡ ಹಾಸಿ, ಪ್ಲೈವುಡ್ಡಿನ ಹಾಗೆ. ಅದರ ಜೊತೆ ಸುಣ್ಣವೂ ಇದೆ. ತೆಳುವಾದ ಆಮ್ಲದಲ್ಲಿ ಮೂರು ದಿನ ನೆನೆಹಾಕಿ, ಬೆಳಿಗ್ಗೆ ಸಂಜೆ ಆಮ್ಲ ಬದಲಿಸಿದರೆ ಸುಣ್ಣ ಕರಗಿ ಹೋಗಿ ತಿಳಿಯಾದ ಮೆತ್ತನೆಯ ಹಾಳೆ ಉಳಿಯುತ್ತದೆ. ಆ ಹಾಳೆಯ ಮೇಲೆ ಕೋಶಗಳನ್ನು ಬಿಟ್ಟು ಮೂರು ನಾಲ್ಕು ವಾರ ಸಾಕಿ, ಕೊನೆಗೆ ಒಂದು ಬಣ್ಣ ಹಾಕುತ್ತಾರೆ. ಸುಣ್ಣ ಇದ್ದಲ್ಲಿ ಬಣ್ಣ ಕೆಂಪಗೆ ಕಚ್ಚುತ್ತದೆ. ಕೆಂಪು ಬಂದರೆ, ಕೋಶಗಳು ಖನಿಜ ಕಟ್ಟಿದವು ಎಂದು ಲೆಕ್ಕ.

ಆದರೆ ಬಣ್ಣಕ್ಕೆ ಯಾರ ಸುಣ್ಣವಾದರೂ ಒಂದೇ. ಕೋಶ ಕಟ್ಟಿದ್ದೋ, ಮೀನಿನದೇ ಉಳಿದದ್ದೋ, ಅದಕ್ಕೆ ತಿಳಿಯದು. ಆದ್ದರಿಂದ ಕೋಶವನ್ನೇ ಬಿಡದ ಒಂದು ಖಾಲಿ ಹಾಳೆಗೂ ಅದೇ ಬಣ್ಣ ಹಾಕಿ, ಅದು ಕೆಂಪಾಗುವುದಿಲ್ಲ ಎಂದು ತೋರಿಸಬೇಕು. ತೋರಿಸದಿದ್ದರೆ ಉಳಿದ ಕೆಂಪಿಗೆಲ್ಲ ಅರ್ಥವಿಲ್ಲ. ನಾನು ಹೇಳಹೊರಟದ್ದು ಆ ಖಾಲಿ ಹಾಳೆಯ ಸಂಗತಿ.

ಹುರುಪೆ ತರಲು ಹುಬ್ಬಳ್ಳಿಯ ಮೀನು ಪೇಟೆಗೆ ಹೋಗುತ್ತಿದ್ದೆ. ಕಾಲ ಕೆಳಗೆ ಕರಿನೀರು, ಅದರಲ್ಲಿ ಕರುಳು, ಅದರ ಮೇಲೆ ನೊಣ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಉಸಿರು ಹಿಡಿದು, ಒಬ್ಬ ಮೀನು ಮಾರುವ ಹೆಂಗಸಿನ ಮುಂದೆ ನಿಲ್ಲುತ್ತಿದ್ದೆ. ಅವಳು ಗಿರಾಕಿಗಳ ಮೀನು ಕೆರೆದು ಬಿಸಾಡಿದ ಹುರುಪೆಯನ್ನು ನನಗಾಗಿ ಒಂದು ಡಬ್ಬಿಯಲ್ಲಿ ಕೂಡಿಸಿಡುತ್ತಿದ್ದಳು.

"ಮೀನ ಬಿಟ್ಟು ಬರೇ ಹುರುಪಿ ಒಯ್ಯೂ ಗಿರಾಕಿ ನೀವ ಒಬ್ಬರ ನೋಡ್ರಿ ಸಾಹೇಬ್ರ. ಸಾರು ಹೆಂಗ ಮಾಡ್ತೀರಿ ಇದರದ?"

"ಇದ್ರಲೆ ಎಲುವು ಬೆಳಸ್ತೇವ್ರಿ."

"ಹೌದಾ? ಹಂಗಾರ ನಮ್ಮ ಮಾವಗ ಒಂದ ಬೆನ್ನೆಲುವು ಬೆಳಸಿ ಕೊಡ್ರಿ. ಮದಿವಿ ಆದಾಗಿಂದ ನೋಡಾಕತ್ತೇನಿ, ಅಂವಗ ಅದ ಇಲ್ಲ."

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಬಾಯಿ ತೆರೆದ ಕೂಡಲೇ ವಾಸನೆ ಗಂಟಲಿಗೆ ಇಳಿಯಿತು.

ಮಾಳಮಡ್ಡಿಯ ಮನೆಯೊಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಮಡಿ ಹೆಂಗಸು. ನಾನು ಏನು ಓದುತ್ತೇನೆ ಎಂದು ಅವರಿಗೆ ಹೇಳಿರಲಿಲ್ಲ. ಆದರೆ ಅವರ ಮೂಗಿಗೆ ಹೇಳಬೇಕಾದದ್ದೇ ಇರಲಿಲ್ಲ.

"ತಮ್ಮಾ, ನೀ ಡಾಕ್ಟರ್ ಆಗ್ಲಿಕ್ಕತ್ತೀಯೋ ಮೀನಗಾರ ಆಗ್ಲಿಕ್ಕತ್ತೀಯೋ?" ಎಂದು ಒಂದು ದಿನ ಅಂಗಳದಲ್ಲೇ ತಡೆದರು. "ಹಿತ್ತಲದಾಗ ನಳ ಅದ. ಅಲ್ಲೇ ಸ್ನಾನ ಮಾಡು, ಅಂಗಿ ಅಲ್ಲೇ ಹಿಂಡಿ ಹಾಕು, ಆಮ್ಯಾಲೆ ಮೆಟ್ಟಲಾ ಹತ್ತು."

ಹೀಗೆ ದಿನಾ ಸಂಜೆ ಹಿತ್ತಲ ನಳದ ಕೆಳಗೆ ಚಡ್ಡಿಯಲ್ಲಿ ಕೂತು, ಶಾಸ್ತ್ರಗಳನ್ನು ನಂಬದ ನಾನು ಕಾಕುವಿನ ಶಾಸ್ತ್ರ ಪಾಲಿಸಿದೆ. ಸಿಟ್ಟು ಬರುತ್ತಿತ್ತು. ಸೋಪು ಹಚ್ಚುವುದನ್ನು ಮಾತ್ರ ಅವರು ಹೇಳಿದ್ದಕ್ಕಿಂತ ಎರಡು ಸಲ ಹೆಚ್ಚು ಮಾಡುತ್ತಿದ್ದೆ.

ಪ್ರಯೋಗಾಲಯದಲ್ಲಿ ಎರಡೆರಡು ಕೈಗವಸು ತೊಟ್ಟು, ಚಿಮಟದಲ್ಲೇ ಹುರುಪೆ ಎತ್ತುತ್ತಿದ್ದೆ. ಒಂದನ್ನೂ ಬರಿಗೈಯಿಂದ ಮುಟ್ಟಲಿಲ್ಲ. ಶುಚಿತ್ವ ಕಾಯುವ ಶಿಸ್ತು ಎಂದು ಬೇರೆಯವರು ಹೊಗಳಿದರು. ನಾನು ಹೊಗಳಿಕೆಯನ್ನು ಸ್ವೀಕರಿಸಿದೆ.

ನನ್ನ ಮಾರ್ಗದರ್ಶಕರನ್ನು ಕಂಡರೂ ನನಗೆ ಅಷ್ಟೇ ಹೇಸಿಕೆ. ಸದಾ ಬಾಯಲ್ಲಿ ಅಡಿಕೆ. ಮಾತಾಡಿದರೆ ಎದುರಿನವರ ನೋಟ್‌ಬುಕ್ಕಿನ ಮೇಲೆ ಕೆಂಪು ಹನಿ. ಕೆಲಸ ಮಾಡುವ ಮೇಜಿನ ಮೇಲೆಯೇ ಚಹಾದ ಕಪ್ಪು ಇಡುತ್ತಿದ್ದರು. ಎಲ್ಲರೂ ನೀಲಿ ಶಾಯಿಯಲ್ಲಿ ಬರೆದರೆ ಅವರದು ಹಸಿರು. ತಿದ್ದುವುದೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಬಂದಾಗ ಮಾತ್ರ ಕನ್ನಡದಲ್ಲಿ.

ನನ್ನ ಹಾಳೆಗಳು ಕಡುಗೆಂಪಾಗಿ ಬಂದವು. ದಾಳಿಂಬೆ ಒಡೆದ ಹಾಗೆ. ಆ ಚಿತ್ರ ಪ್ರಬಂಧದಲ್ಲಿ ಬಂತು, ಒಂದು ಪತ್ರಿಕೆಯಲ್ಲೂ ಬಂತು. ಒಂದು ಸಮ್ಮೇಳನದಲ್ಲಿ ಪರದೆಯ ಮೇಲೆ ಅದು ಮೂಡಿದಾಗ ಸಭೆ ಚಪ್ಪಾಳೆ ತಟ್ಟಿತು. ಕಸದಿಂದ ರಸ ಎಂದು ಒಬ್ಬರು, ನಮ್ಮ ಪೂರ್ವಜರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಇನ್ನೊಬ್ಬರು ಭಾಷಣ ಮಾಡಿದರು. ಪೂರ್ವಜರ ಮಾತಿಗೆ ನಾನು ಎದ್ದು ನಿಂತು ಆಕ್ಷೇಪಿಸಿದೆ: ಸಾಕ್ಷ್ಯವೇನು ಎಂದು ಕೇಳಿದೆ. ಅದನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ಪದವಿ ಬಂತು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ನನ್ನ ಮಾರ್ಗದರ್ಶಕರ ಕಥೆ ನನ್ನ ಬಂಡವಾಳವಾಯಿತು. ಬಾಯಲ್ಲಿ ಸುಪಾರಿ ಇಟ್ಟುಕೊಂಡವನ ಹಾಗೆ ಕೆನ್ನೆ ಉಬ್ಬಿಸಿ ಅವರ ದನಿಯಲ್ಲಿ ಹೇಳುತ್ತಿದ್ದೆ: "ಖಾಲಿ ಹಾಳಿ ಬ್ಯಾಡೋ ತಮ್ಮಾ. ಅದನ್ನ ಯಾವಾಂವ ಕೇಳ್ತಾನ?" ನಾನು ಖಾಲಿ ಹಾಳೆಗೂ ಬಣ್ಣ ಹಾಕಬೇಕೆಂದು ಹಟ ಹಿಡಿದೆ, ಅವರು ತಡೆದರು ಎಂಬುದು ಕಥೆ. ಅವರು ಹಾಗೆ ಹೇಳುವಾಗ ಕೋಶ ಸಾಕುವ ಕೋಣೆಯ ಕಿಟಕಿಯ ಹೊರಗೆ ನೀಲಗಿರಿ ಮರ ಗಾಳಿಗೆ ಅಲ್ಲಾಡುತ್ತಿತ್ತು ಎಂದು ಸೇರಿಸುತ್ತಿದ್ದೆ. ಕಥೆಗೆ ಒಂದು ಮರ ಇದ್ದರೆ ಕೇಳುವವರು ನಂಬುತ್ತಾರೆ. ಹೇಳುವವನೂ ನಂಬುತ್ತಾನೆ. ಅವರು ತೀರಿಕೊಂಡು ಐದು ವರ್ಷವಾಗಿದೆ. ಕಥೆ ನಾನು ನಿಲ್ಲಿಸಿರಲಿಲ್ಲ.

ಕಳೆದ ಆಷಾಢದಲ್ಲಿ ಅದೇ ಪ್ರಯೋಗಾಲಯದಿಂದ ಒಬ್ಬ ವಿದ್ಯಾರ್ಥಿನಿ ಫೋನು ಮಾಡಿದಳು. ನನ್ನ ಕೆಲಸವನ್ನೇ ಮುಂದುವರಿಸುತ್ತಿದ್ದಾಳಂತೆ.

"ಸರ್, ನಿಮ್ಮ ಪ್ರಬಂಧದಾಗ ಬರದಂಗ ಮಾಡಾಕತ್ತೇನ್ರಿ. ಮೂರ ದಿನ ಆಮ್ಲ, ದಿನಾ ಎರಡ ಸಲ ಬದಲಿ. ಕೋಶ ಛಲೋ ಬೆಳಿತಾವ್ರಿ, ಹಾಳಿ ತುಂಬ ಹರಡ್ತಾವು. ಆದ್ರ ಕೆಂಪ ಮಾತ್ರ ತಿಳಿಯಾಗಿ ಬರತೈತಿ. ನಿಮ್ಮದರಂಗ ಬರವಲ್ದು."

"ಎಷ್ಟು ಸಲ ಮಾಡೀಯವಾ?"

"ಎರಡ ವರ್ಷದಿಂದ ಅದ ಮಾಡಾಕತ್ತೇನ್ರಿ. ನಮ್ಮ ಮೇಡಮ್ಮು, ಹಿಂದಿನಾಂವಗ ಬಂದದ್ದು ನಿನಗ್ಯಾಕ ಬರಂಗಿಲ್ಲ, ನಿನ್ನ ಕೈ ಸರಿ ಇಲ್ಲ ಅಂತಾರ. ಈ ತಿಂಗಳ ಕೊನಿಗೆ ಪ್ರಬಂಧ ಕೊಡಬೇಕ್ರಿ. ಇನ್ನೊಮ್ಮೆ ಗಡುವು ಕೊಡಂಗಿಲ್ಲ ಅಂತ ಹೇಳ್ಯಾರ. ಹೋತಂದ್ರ ಐದ ವರ್ಷದ್ದೂ ಹೋತು."

ಆಮೇಲೆ ಕೇಳಿದಳು: "ಸರ್, ನೀವು ಖಾಲಿ ಹಾಳಿಗೆ ಬಣ್ಣ ಹಾಕಿ ನೋಡಿದ್ರೇನ್ರಿ?"

ನಾನು ಕಥೆ ಹೇಳಿದೆ. ಮಾರ್ಗದರ್ಶಕರು, ಅಡಿಕೆ, ಕಿಟಕಿ, ನೀಲಗಿರಿ. ಅವಳು ನಗಲಿಲ್ಲ.

"ಕೋಶದ ಕೋಣಿಗೆ ಕಿಟಕಿ ಇಲ್ಲಲ್ರಿ ಸರ್," ಎಂದಳು. "ಇದ್ರ ಧೂಳ ಬರತೈತಿ. ಕಟ್ಟೂವಾಗ ಇಟ್ಟಿಲ್ಲ." ಮತ್ತೆ, "ನೀವು ಒಮ್ಮೆ ಬರ್ರಿ ಸರ್. ನಿಮ್ಮ ಹಳೀ ಬಾಟ್ಲಿ ಸಿಕ್ಕೈತಿ. ನಿಮ್ಮ ನೋಟ್‌ಬುಕ್ಕೂ ಐತಿ," ಎಂದು ಫೋನು ಇಟ್ಟಳು.

ಕಿಟಕಿ ಇಲ್ಲದ ಕೋಣೆ. ನಾಲ್ಕು ವರ್ಷ ಅದರೊಳಗೆ ಬೆವರು ಸುರಿಸಿದವನು ನಾನು.

ಆ ಸಂಜೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನನಗೆ ಒಂದು ವಿಷಯ ಕೊರೆಯುತ್ತಿತ್ತು. ಆ ಕಡುಗೆಂಪು ಹಾಳೆಗಳ ಹುರುಪೆಯನ್ನು ಆಮ್ಲಕ್ಕೆ ಹಾಕಿದ್ದು ಶ್ರಾವಣ ಹುಟ್ಟುವ ಮುಂಚೆ. ಶ್ರಾವಣ ಮುಗಿಯುವವರೆಗೆ ಆ ಹೊಲಸು ಮುಟ್ಟಬೇಡ ಎಂದು ಅವ್ವ ಆಣೆ ಹಾಕಿದ್ದಳು. ನಾನು ಅವಳ ಮೂಢನಂಬಿಕೆಗೆ ನಕ್ಕೆ. ಆದರೂ ಅವಳ ಮನಸ್ಸು ನೋಯಿಸಬಾರದೆಂದು, ಹುರುಪೆಯ ಕೆಲಸವನ್ನೆಲ್ಲ ಅಮಾವಾಸ್ಯೆಯೊಳಗೆ ಮುಗಿಸಿ ಮದ್ಯಸಾರದ ಬಾಟಲಿಗೆ ಹಾಕಿಟ್ಟೆ. ಆಮೇಲೆ ಅದು ಮೀನಲ್ಲ, ಬರೀ ಹಾಳೆ. ನನ್ನ ನೆನಪು ಹೀಗಿತ್ತು. ಅವ್ವನ ಬಗ್ಗೆ ಪ್ರೀತಿ, ಸ್ವಲ್ಪ ಕನಿಕರ, ನನ್ನ ಬಗ್ಗೆ ಮೆಚ್ಚುಗೆ, ಎಲ್ಲವೂ ಅದರಲ್ಲಿದ್ದವು.

"ಅವ್ವಾ, ನನಗ ಶ್ರಾವಣದಾಗ ಮೀನ ಮುಟ್ಟಬ್ಯಾಡ ಅಂತ ಆಣಿ ಹಾಕಿದ್ದೆಲಾ, ನೆನಪೈತಿ?"

ಅವ್ವ ಮೊರ ಕೆಳಗಿಟ್ಟಳು. "ಯಾರು? ನಾನಾ?"

"ಹೌದು, ನೀನ."

"ನಾ ಎಲ್ಲಿ ಹಾಕಿನೋ? ನೀನ ಬಂದು ಪಡಸಾಲ್ಯಾಗ ಕುಂತು, 'ಅವ್ವಾ, ಇನ್ನ ಒಂದ ತಿಂಗಳ ಅದನ್ನ ಮುಟ್ಟಂಗಿಲ್ಲ, ಉಂಡದ್ದು ಹೊಟ್ಟ್ಯಾಗ ನಿಲ್ಲವಲ್ದು' ಅಂದಿ. ನಾ ಅಂದ್ನಿ, ಓದೂದಕ್ಕ ಎಲ್ಲೀ ಶ್ರಾವಣೋ, ಹಿಡದ ಕೆಲಸ ಪೂರಾ ಮಾಡು ಅಂತ. ಕೇಳ್ದಿ? ಅಮಾಸಿಗೆ ಎರಡ ದಿನ ಇರೂಮುಂದನ ಬಂದು ಪಂಚಮಿ ಉಂಡಿ ಎಲ್ಲಾ ತಿಂದು ಮುಗಿಸಿ ಹೋದಿ."

ಒಳಗಿಂದ ಹೆಂಡತಿ ನಕ್ಕಳು. "ದೇವರ ಇಲ್ಲ ಅನ್ನಾವ್ರು ಶ್ರಾವಣ ಹಿಡದಿದ್ರೇನ್ರಿ ಅತ್ತಿ?"

"ಬ್ಯಾಡಾದ ಕೆಲಸಕ್ಕ ದೇವ್ರು ಭಾಳ ಉಪಯೋಗ ಬರ್ತಾನ ತಂಗಿ," ಎಂದು ಅವ್ವ ಮತ್ತೆ ಮೊರ ಎತ್ತಿಕೊಂಡಳು.

ಎಪ್ಪತ್ತು ದಾಟಿದ ಹೆಂಗಸಿನ ನೆನಪು. ಅದು ಸಾಕ್ಷ್ಯವಲ್ಲ ಎಂದು ನಾನು ಲೆಕ್ಕ ಹಾಕಿದೆ. ನನ್ನದೂ ಸಾಕ್ಷ್ಯವಲ್ಲ. ಎರಡು ನೆನಪುಗಳಲ್ಲಿ ಯಾವುದು ನನಗೆ ಅನುಕೂಲವಾಗಿದೆಯೋ ಅದನ್ನೇ ಹೆಚ್ಚು ಅನುಮಾನಿಸಬೇಕು ಎಂದು ತರಗತಿಯಲ್ಲಿ ಹುಡುಗರಿಗೆ ಹೇಳುವವನು ನಾನು.

ಮರುದಿನ ಧಾರವಾಡಕ್ಕೆ ಹೋದೆ. ಪ್ರಯೋಗಾಲಯದಲ್ಲಿ ಮೇಜುಗಳು ಹೊಸವು, ವಾಸನೆ ಹಳೆಯದು. ವಿದ್ಯಾರ್ಥಿನಿ ಗಿಡ್ಡ ಹುಡುಗಿ, ಕಣ್ಣ ಕೆಳಗೆ ಕಪ್ಪು. ಹುಬ್ಬಳ್ಳಿಯವಳೇ, ತಾಯಿಯ ಕಡೆ ಕಾರವಾರ. "ನಾ ಹುರುಪಿ ಕೆರಕೋತನ ಬೆಳದಾಕ್ರಿ ಸರ್," ಎಂದಳು. ನನ್ನ ಹಳೆಯ ಬಾಟಲಿಯನ್ನು ಮುಂದಿಟ್ಟಳು. ಚೀಟಿಯಲ್ಲಿ ನನ್ನದೇ ಅಕ್ಷರ. ಎಸೆಯುವ ಜವಾಬ್ದಾರಿ ಯಾರೂ ಹೊರದ ಕಾರಣ ಹನ್ನೆರಡು ವರ್ಷ ಕಪಾಟಿನಲ್ಲಿ ಉಳಿದಿತ್ತು. ಒಳಗೆ ಮದ್ಯಸಾರದಲ್ಲಿ ಹುರುಪೆಗಳು.

ಎರಡು ಗಾಜಿನ ತಟ್ಟೆಗಳಲ್ಲಿ ಎರಡು ಹಾಳೆ ತೆಗೆದಿಟ್ಟಳು. ಒಂದು ಅವಳು ಮಾಡಿದ್ದು, ಒಂದು ನನ್ನ ಬಾಟಲಿಯದು. ಎರಡರಲ್ಲೂ ಕೋಶವಿಲ್ಲ. ಎರಡಕ್ಕೂ ಬಣ್ಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ಮತ್ತೆ ಮತ್ತೆ ತೊಳೆದಳು. ಅವಳದು ತೊಳೆದಂತೆ ಬಿಳಿಯಾಯಿತು. ನನ್ನದು ಎಷ್ಟು ತೊಳೆದರೂ ದಾಳಿಂಬೆ.

ಚಪ್ಪಾಳೆ ಬಿದ್ದದ್ದು ಈ ಕೆಂಪಿಗೆ. ಒಂದು ಕೋಶವೂ ಇಲ್ಲದೆ, ಒಂದು ದಿನವೂ ಸಾಕದೆ, ಸತ್ತ ಮೀನಿನ ಸುಣ್ಣ ತಾನೇ ಕೆಂಪಾಗಿ ಕೂತಿತ್ತು. ಉಳಿದ ಸುಣ್ಣ ಕೋಶಗಳಿಗೆ ನೆರವಾಗಿಯೂ ಇರಬಹುದು. ಹುರುಪೆ ಕೆಟ್ಟ ನೆಲವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ನಾನು ಜಗತ್ತಿಗೆ ಹೇಳಿದ್ದು ಅದಲ್ಲ. ಕೋಶಗಳು ಕಟ್ಟಿದವು ಎಂದು ಹೇಳಿದ್ದೆ.

"ಬಾಟ್ಲಿ ತಗದ ದಿನಾನ ನನಗ ಗೊತ್ತಾತ್ರಿ," ಎಂದಳು. "ಕೈಯಾಗ ಹಿಡದ ಕೂಡ್ಲೆ. ನೀವೂ ಹಿಡದ ನೋಡ್ರಿ."

ನಾನು ಕೈಗವಸಿಗಾಗಿ ಸುತ್ತ ನೋಡಿದೆ.

"ಬರಿಗೈಲೆ ಹಿಡೀರಿ ಸರ್. ಕಚ್ಚಂಗಿಲ್ಲ."

ಮೊದಲು ಅವಳ ಹಾಳೆ ಕೊಟ್ಟಳು. ಮೂರು ದಿನ ನೆಂದದ್ದು. ಬೆರಳಿನ ಸುತ್ತ ಸುತ್ತಿಕೊಂಡಿತು, ಒದ್ದೆ ಕಾಗದದಂತೆ, ಹಾಲಿನ ಕೆನೆಯಂತೆ. ನನ್ನದನ್ನು ಬಗ್ಗಿಸಲು ಹೋದೆ. ಬಗ್ಗಲಿಲ್ಲ. ಇನ್ನಷ್ಟು ಒತ್ತಿದೆ. ಉಗುರು ಮುರಿದ ಹಾಗೆ ಕಟಂ ಎಂದಿತು. ಎರಡು ತುಂಡನ್ನೂ ತಟ್ಟೆಯಲ್ಲಿಟ್ಟೆ.

ಒಮ್ಮೆ ಬೆರಳಲ್ಲಿ ಹಿಡಿದಿದ್ದರೆ ಸಾಕಾಗಿತ್ತು. ಮೀನು ಪೇಟೆಯ ಆ ಹೆಂಗಸಾದರೂ ಹಿಡಿದು ನೋಡಿ, ಇದಿನ್ನೂ ಹಸೀ ಐತ್ರಿ ಸಾಹೇಬ್ರ ಎನ್ನುತ್ತಿದ್ದಳು. ನಾಲ್ಕು ವರ್ಷ ನಾನು ಹುರುಪೆಯನ್ನು ಚಿಮಟದ ಉದ್ದದಷ್ಟು ದೂರದಲ್ಲಿಟ್ಟು ಅಧ್ಯಯನ ಮಾಡಿದ್ದೆ.

ಆಮೇಲೆ ನೋಟ್‌ಬುಕ್ಕು ತೆರೆದಳು. ನೀಲಿ ಶಾಯಿಯಲ್ಲಿ ನನ್ನ ಅಕ್ಷರ: ಆಮ್ಲ, ಮೊದಲ ದಿನ, ಎರಡನೆಯ ದಿನ, ಮೂರನೆಯ ದಿನ, ಬೆಳಿಗ್ಗೆ ಸಂಜೆ ಬದಲಿಸಿದೆ. ಪಕ್ಕದಲ್ಲಿ ತಾರೀಖು. ಫೋನಿನಲ್ಲಿ ಆ ವರ್ಷದ ಪಂಚಾಂಗ ತೆಗೆದು ಅಮಾವಾಸ್ಯೆ ನೋಡಿದೆ. ಪಂಚಾಂಗ ನೋಡುವವರಿಗೆ ನಗುತ್ತಿದ್ದ ನಾನು. ಎರಡನೆಯ ದಿನ ಅಮಾವಾಸ್ಯೆಯ ಹಿಂದಿನ ದಿನ, ಮೂರನೆಯದು ಅಮಾವಾಸ್ಯೆ. ಅವ್ವನ ಮಾತು ನಿಜವಾದರೆ ಆ ಎರಡೂ ದಿನ ನಾನು ಕೇಶ್ವಾಪುರದ ಮನೆಯಲ್ಲಿದ್ದೆ. ಹೊರಡುವ ಮೊದಲೇ ತೆಗೆದು ಬಾಟಲಿಗೆ ಹಾಕಿರಬೇಕು; ಹುರುಪೆ ಒಂದು ರಾತ್ರಿಯೂ ಪೂರ್ತಿ ನೆನೆದಿರಲಾರದು.

ಅದರ ಕೆಳಗೆ ಹಸಿರು ಶಾಯಿ. ಕನ್ನಡದಲ್ಲಿ: ಕೋಶ ಹಾಕದ ಹಾಳೆಯನ್ನೂ ಬಣ್ಣಕ್ಕೆ ಹಾಕು. ಅದಿಲ್ಲದೆ ಮುಂದೆ ಹೋಗಬೇಡ.

ಪಕ್ಕದಲ್ಲಿ ಒಂದು ಅಡಿಕೆಯ ಹನಿ, ಕಂದುಬಣ್ಣಕ್ಕೆ ತಿರುಗಿದ್ದು. ಅದರ ಮುಂದೆ ನೀಲಿ ಶಾಯಿಯಲ್ಲಿ ನನ್ನ ಸರಿ ಗುರುತು. ಮಾಡಿದೆ ಎಂದು.

ಮಾಡಿದ್ದೆನೋ? ಒಂದು ತಟ್ಟೆಯ ಕೆಂಪುನೀರು ನಳದ ಕೆಳಗೆ ಸುತ್ತಿ ಇಳಿದು ಹೋದದ್ದು ನನ್ನ ಕಣ್ಣ ಮುಂದೆ ಬರುತ್ತದೆ. ಅದು ನಡೆದದ್ದೋ, ಆ ಸರಿ ಗುರುತು ನೋಡಿದ ಮೇಲೆ ನನ್ನ ತಲೆ ಬರೆದುಕೊಂಡದ್ದೋ ತಿಳಿಯದು. ಖಾಲಿ ಹಾಳೆಗೆ ಬಣ್ಣ ಹಾಕದೆ ಗುರುತು ಹಾಕಿದ್ದರೆ ಸೋಮಾರಿ. ಹಾಕಿ, ಕೆಂಪು ಕಂಡು, ಚೆಲ್ಲಿ ಗುರುತು ಹಾಕಿದ್ದರೆ ಕಳ್ಳ. ಎರಡರಲ್ಲಿ ಯಾರು ಎಂದು ನನಗೇ ಗೊತ್ತಿಲ್ಲದೆ, ಸತ್ತ ಮನುಷ್ಯನ ಅಡಿಕೆಯನ್ನು ಇಷ್ಟು ವರ್ಷ ನನ್ನ ಬಾಯಲ್ಲಿ ಜಗಿದಿದ್ದೆ.

"ಸರ್, ನನಗ ಒಂದ ಪತ್ರ ಬೇಕ್ರಿ," ಎಂದಳು ಹುಡುಗಿ. "ನಾನ ಹೇಳಿದ್ರ ಮೇಡಮ್ಮು ನಂಬಂಗಿಲ್ಲ. ಬಾಟ್ಲಿ ಹಳೇದಾಗಿ ಕೆಟ್ಟೈತಿ ಅಂತಾರ. ನೀವು ಬರದ ಕೊಟ್ರ, ನನ್ನ ತಿಳೀ ಕೆಂಪನ ಖರೇ ಅಂತ ತಗೊಳ್ತಾರ. ನಂದು ತಿಳಿ ಇರಬಹುದ್ರಿ, ಆದ್ರ ಅದು ಕೋಶ ಕಟ್ಟಿದ್ದು."

ಪೆನ್ನು ಕಾಗದ ತೆಗೆದುಕೊಂಡು ಕೂತೆ. ನನ್ನ ಪದವಿ ಇದೇ ಕೆಂಪಿನ ಮೇಲೆ ನಿಂತಿದೆ, ಕೆಲಸ ಪದವಿಯ ಮೇಲೆ ನಿಂತಿದೆ ಎಂದು ಬರೆಯುವ ಮೊದಲೇ ಹೊಳೆಯಿತು. ಎಚ್ಚರಿಕೆಯಿಂದ ಬರೆದೆ. ಅಂದಿನ ವಿವರಗಳು ನನಗೆ ಸ್ಪಷ್ಟವಾಗಿ ನೆನಪಿಲ್ಲ. ಆಮ್ಲ ಸಂಸ್ಕರಣೆ ಅಪೂರ್ಣವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಫಲಿತಾಂಶದ ಮೇಲೆ ಅದರ ಪ್ರಭಾವ ಇದ್ದಿರಬಹುದು. ಒಂದು ಸುಳ್ಳೂ ಅದರಲ್ಲಿರಲಿಲ್ಲ. ನೆನಪಿನ ಬಗ್ಗೆ ನನ್ನ ಸಂಶಯವೆಲ್ಲ ಪ್ರಾಮಾಣಿಕವಾಗಿ ಅದರಲ್ಲಿತ್ತು.

ಅವಳು ಓದಿದಳು. ಮೇಜಿನ ಮೇಲಿಟ್ಟಳು.

"ಇದು ಹವಾಮಾನ ವರದಿ ಆತಲ್ರಿ ಸರ್. ಇರಬಹುದು, ಬರಬಹುದು."

"ನನಗ ಖರೇನ ನೆನಪಿಲ್ಲವಾ. ನೆನಪಿಲ್ಲದ್ದು ಹೆಂಗ ಬರೀಲಿ?"

"ನಿಮ್ಮ ನೆನಪ ಯಾರ ಕೇಳ್ಯಾರ್ರಿ?" ಅವಳ ದನಿ ಏರಿತು, ಕೂಡಲೇ ತಗ್ಗಿತು. "ತಪ್ಪ ತಿಳೀಬ್ಯಾಡ್ರಿ. ಹನ್ನೆರಡ ವರ್ಷದ್ದು ಬ್ಯಾಡ. ಈಗ ಅರ್ಧಾ ತಾಸಿನ ಹಿಂದ ಏನ ಮುಟ್ಟಿದ್ರಿ, ಏನ ನೋಡಿದ್ರಿ? ಅದನ್ನರ ಬರೀರಿ. ಅದೂ ಮರತ್ರೇನು?"

ನನ್ನ ಸಂಶಯ ಎಂಥದೆಂದು ಆಗ ಕಂಡಿತು. ಇಷ್ಟು ವರ್ಷ ಅದನ್ನು ಶೀಲವೆಂದು ತಿಳಿದಿದ್ದೆ. ಅದೂ ಎರಡು ಕೈಗವಸು, ಒಂದು ಚಿಮಟ.

ಎರಡನೆಯ ಕಾಗದ ತೆಗೆದುಕೊಂಡು ಬರೆದೆ. ಈ ಬಾಟಲಿಯ ಹುರುಪೆ ನಾನು ತಯಾರಿಸಿದ್ದು. ಕೋಶ ಹಾಕದ ಹಾಳೆ ಇಂದು ನನ್ನ ಮುಂದೆ ಕಡುಗೆಂಪಾಯಿತು. ಬಗ್ಗಿಸಿದರೆ ಮುರಿಯಿತು, ಅಂದರೆ ಸುಣ್ಣ ತೆಗೆದಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ದಿನ ಎಂದು ನಾನು ಬರೆದದ್ದು ಸುಳ್ಳು. ಖಾಲಿ ಹಾಳೆಯನ್ನು ಪರೀಕ್ಷಿಸಲು ಮಾರ್ಗದರ್ಶಕರು ಬರೆದು ತಿಳಿಸಿದ್ದರು. ಮಾಡಿದೆನೆಂದು ನಾನು ಗುರುತು ಹಾಕಿದ್ದೇನೆ. ಫಲಿತಾಂಶ ಎಲ್ಲಿಯೂ ಇಲ್ಲ. ನನ್ನ ಪ್ರಬಂಧದ ಕೆಂಪು ಚಿತ್ರವನ್ನು ಖನಿಜ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಯಾರೂ ಬಳಸಬಾರದು. ಈ ವಿದ್ಯಾರ್ಥಿನಿಯ ವಿಧಾನ ಸರಿ. ಕೆಳಗೆ ಸಹಿ, ತಾರೀಖು. ಬೆರಳಿನ ಬಣ್ಣ ಕಾಗದದ ಮೂಲೆಗೆ ಹತ್ತಿತು. ಬೇರೆ ಬರೆಯಲೇ ಎಂದೆ. ಬೇಡವೆಂದಳು.

ಅವಳು ಎರಡು ಸಲ ಓದಿ, "ಝೆರಾಕ್ಸ್ ಮಾಡಿಸ್ತೇನ್ರಿ," ಎಂದು ಹೊರಗೆ ಹೋದಳು. ನಾನು ನಳದ ಕೆಳಗೆ ಕೈ ತೊಳೆದೆ. ಹನ್ನೆರಡು ವರ್ಷ ಮದ್ಯಸಾರದಲ್ಲಿದ್ದ ಹುರುಪೆಗೆ ವಾಸನೆಯೇ ಇರಲಿಲ್ಲ. ಆದರೂ ಬಸ್ಸಿನಲ್ಲಿ ಮತ್ತೆ ಮತ್ತೆ ಬೆರಳು ಮೂಸಿಕೊಂಡೆ.

ಅವಳ ಪ್ರಬಂಧ ಗಡುವಿನೊಳಗೆ ಸೇರಿತು. ತಿಳಿಗೆಂಪು ಚಿತ್ರದ ಜೊತೆ, ಕೊನೆಯಲ್ಲಿ ನನ್ನ ಪತ್ರವನ್ನೂ ಲಗತ್ತಿಸಿ. ನನ್ನ ಪ್ರಬಂಧದ ಬಗ್ಗೆ ವಿವರಣೆ ಕೇಳಿ ಒಂದು ಪತ್ರ ನನಗೂ ಬಂದಿದೆ. ಉತ್ತರ ಬರೆಯುತ್ತಿದ್ದೇನೆ.

ಮೊನ್ನೆ ಸ್ಟಾಫ್ ರೂಮಿಗೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರಿಗೆ ಮನರಂಜನೆ ಬೇಕಿತ್ತು. ಹಳಬರು ನನ್ನ ಕಡೆ ತೋರಿಸಿದರು: "ಇವರ ಕಡಿಂದ ಆ ಅಡಿಕಿ ಸರ್ ಕಥಿ ಕೇಳ್ರಿ. ಹೇಳ್ರಿ ಸರ್, ಖಾಲಿ ಹಾಳಿ ಬ್ಯಾಡೋ ತಮ್ಮಾ!"

"ಅದು ಸುಳ್ಳು," ಎಂದೆ. "ಅವರು ಮಾಡು ಅಂದಿದ್ರು. ಮಾಡಲಾರದಾಂವ ನಾನ."

ಎಲ್ಲರೂ ಜೋರಾಗಿ ನಕ್ಕರು. ಕಥೆಗೆ ಹೊಸ ಕೊನೆ ಸೇರಿಸಿದ್ದೇನೆ ಎಂದು ತಿಳಿದರು. ಒಬ್ಬರು ಮೇಜು ಕುಟ್ಟಿ, "ಇದು ಮೊದಲಿನಕ್ಕಿಂತ ಛಲೋ ಐತ್ರಿ," ಎಂದರು.